ಕಾಂಬೋಡಿಯಾಗೆ ಹೊರಡುವ ಮೊದಲು ಬಂದ ಚೀಟಿಗಳು

ನಾನು ತಮಾಷೆ ಮಾಡದೆ ಸುಮ್ಮನಿದ್ದ ದಿನವೇ ನನ್ನ ಸುತ್ತ ವಿಚಿತ್ರಗಳು ಜಾಸ್ತಿ ನಡೆಯುತ್ತವೆ. ಇದನ್ನ ಯಾರಿಗೆ ಹೇಳಿದರೂ ನಂಬಲ್ಲ. ತಪ್ಪು ಅವರದ್ದಲ್ಲ, ನನ್ನ ಹಿಂದಿನ ದಾಖಲೆ ಅಂಥದ್ದು.

ಹತ್ತನೇ ಕ್ಲಾಸಲ್ಲಿ ಎರಡು ಸಲ ಫೇಲಾದ ನನ್ನನ್ನ ಅಮ್ಮ ಅಂಬತ್ತೂರಿನ ಮನೆಯಿಂದ ಬೆಸೆಂಟ್ ನಗರದ ಒಂದು ಹಳೇ ಬಂಗಲೆಗೆ ತಂದು ಬಿಟ್ಟಳು. ಅಲ್ಲಿ ತಮಿಳು ಹುಡುಗರ ಜೊತೆ ಶಿಷ್ಯತ್ವ ತರಬೇತಿ. ಮೂರು ತಿಂಗಳು ಬೈಬಲ್ ಪಾಠ, ಪ್ರಾರ್ಥನೆ, ಪಾತ್ರೆ ತೊಳೆಯೋದು. ಆಮೇಲೆ ಒಂದು ತಿಂಗಳು ಕಾಂಬೋಡಿಯಾದಲ್ಲಿ ಸೇವೆ. ಇಪ್ಪತ್ತು ಜನರಲ್ಲಿ ಹನ್ನೆರಡು ಜನಕ್ಕೆ ಮಾತ್ರ ಜಾಗ. ಅಮ್ಮ ಆಗಲೇ ಬೀದಿಗೆಲ್ಲಾ "ನನ್ನ ಮಗ ಫಾರಿನ್‌ಗೆ ಹೋಗ್ತಾನೆ" ಅಂತ ಹೇಳಿಯಾಗಿತ್ತು.

ಟ್ಯಾಂಕಿನ ದನಿ

ಮೊದಲನೇದು ನಾನೇ ಮಾಡಿದ್ದು, ಒಪ್ಕೋತೀನಿ. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಲ್ಲಿ ತಾರಸಿಗೆ ಹೋಗಿ, ಖಾಲಿ ನೀರಿನ ಟ್ಯಾಂಕಿನೊಳಗೆ ಪ್ಲಾಸ್ಟಿಕ್ ಪೈಪ್ ಬಿಟ್ಟು "ಊ..." ಅಂತ ನರಳಿದೆ. ಕೆಳಗಿನ ನಲ್ಲಿಗಳಲ್ಲೆಲ್ಲಾ ಆ ದನಿ ಕೇಳಿಸಿತಂತೆ. ಎರಡು ದಿನ ಹೀಗೇ ಮಾಡಿದೆ. ಮೂರನೇ ದಿನ ನಮ್ಮ ಲೀಡರ್ ಅಣ್ಣ ಎಲ್ಲರಿಂದ ಉಪವಾಸ ಮಾಡಿಸಿ, ಟ್ಯಾಂಕಿನ ಸುತ್ತ ನಿಲ್ಲಿಸಿ ಪ್ರಾರ್ಥನೆ ಮಾಡಿಸಿದರು. ನನಗೂ ಉಪವಾಸ. ಪೈಪ್ ಊದೋ ಶಕ್ತಿ ಎಲ್ಲಿಂದ ಬರಬೇಕು? ದನಿ ನಿಂತಿತು. ದೆವ್ವ ಓಡಿಸಿದ ಆ ಜಯದ ಸಾಕ್ಷಿಯನ್ನ ಅಣ್ಣ ಮೂರು ಚರ್ಚುಗಳ ಸಭೆಗಳಲ್ಲಿ ಹೇಳಿದರು. ಮೂರಕ್ಕೂ ನಾನೇ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದೆ.

ಮೌನದ ದಿನ

ತರಬೇತಿಯಲ್ಲಿ ಒಂದು ದಿನ ಮೌನ. ಬೆಳಿಗ್ಗೆಯಿಂದ ಸಂಜೆ ಆರರ ತನಕ ಯಾರೂ ಬಾಯಿ ಬಿಡಬಾರದು. ಮರದ ಕೆಳಗೆ ಒಬ್ಬೊಬ್ಬರು ಒಂದೊಂದು ಬೈಬಲ್ ಹಿಡಿದು ಕೂತಿದ್ವಿ. ಕಾಗೆ ಕೂಡ ಕೂಗುತ್ತಿರಲಿಲ್ಲ. ಹನ್ನೆರಡು ಗಂಟೆಗೆ, ಬೀಗ ಹಾಕಿದ ಪ್ರಾರ್ಥನಾ ಹಾಲಿನ ಒಳಗಿಂದ ಒಂದು ದನಿ ನಮ್ಮ ಹೆಸರುಗಳನ್ನ ಒಂದೊಂದಾಗಿ ಕರೆಯೋಕೆ ಶುರು ಮಾಡಿತು. ಗೊಗ್ಗರು ದನಿ, ನಡುನಡುವೆ ಉಸಿರು. ಹತ್ತೊಂಬತ್ತು ತಲೆಗಳು ನಿಧಾನಕ್ಕೆ ನನ್ನ ಕಡೆ ತಿರುಗಿದವು. ನಾನು ಎರಡೂ ಕೈ ಆಡಿಸಿದೆ, ತುಟಿ ತೋರಿಸಿದೆ. ಯಾರ ಮುಖವೂ ಬದಲಾಗಲಿಲ್ಲ.

ಆಗ ಆ ದನಿ ನನ್ನ ಹೆಸರಿಗೆ ಬಂತು. "ಕರ್ತನೇ, ಇವನನ್ನ ಕಾಂಬೋಡಿಯಾಗೆ ಕರ್ಕೊಂಡು ಹೋದರೆ, ವಾಪಸ್ ಬರುವಾಗ ಇಡೀ ದೇಶಕ್ಕೆ ಕ್ಷಮೆ ಕೇಳಬೇಕಾಗುತ್ತೆ. ಇನ್ನೊಂದು ಚೇಷ್ಟೆ ಮಾಡಲಿ, ಹೆಸರು ಹೊಡೆದುಹಾಕ್ತೀನಿ."

ಅದು ಲೀಡರ್ ಅಣ್ಣ. ಮೇಲಿನ ರೂಮಲ್ಲಿ ಪಿಸುಮಾತಲ್ಲಿ ಪ್ರಾರ್ಥನೆ ಮಾಡ್ತಾ ಫೋನಿಗೆ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನ ಕೇಳೋಣ ಅಂತ ಒತ್ತಿದಾಗ, ಬೆಳಗಿನ ಹಾಡಿಗೆ ಸೇರಿಸಿದ್ದ ಬ್ಲೂಟೂತು ಹಾಗೇ ಉಳಿದಿದ್ದರಿಂದ ಎಲ್ಲಾ ಹಾಲಿನ ಸ್ಪೀಕರಿಗೆ ಹೋಗಿತ್ತು. ಸಂಜೆ ಆರಕ್ಕೆ ಗಂಟೆ ಹೊಡೆದ ಕೂಡಲೇ ಹತ್ತೊಂಬತ್ತು ಜನರೂ ಅಣ್ಣನೂ ಒಟ್ಟಿಗೆ ಕೇಳಿದ್ದು ಒಂದೇ ಮಾತು: "ನೀ ದಾನೇ ಡಾ?" ನೀನೇ ತಾನೇ ಅಂತ.

ಎಲಿಯಟ್ಸ್ ಬೀಚಿನ ಗೊಂಬೆಗಳು

ಕಾಂಬೋಡಿಯಾದ ಭಾಷೆ ನಮಗೆ ಬರಲ್ಲ, ಅದಕ್ಕೆ ಮೂಕನಾಟಕ. ಮುಖಕ್ಕೆಲ್ಲಾ ಬಿಳಿ ಬಣ್ಣ, ಮೈಗೆ ಕಪ್ಪು ಬಟ್ಟೆ. ಹಾಡು ನಿಂತರೆ ಇದ್ದಲ್ಲೇ ಕಲ್ಲಾಗಬೇಕು, ಮತ್ತೆ ಶುರುವಾಗೋ ತನಕ ರೆಪ್ಪೆ ಹೊಡೆಯಬಾರದು. ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಬೀಚಲ್ಲಿ ಅಭ್ಯಾಸ ಮಾಡುವಾಗ ಹಾಡಿನ ಪೆಟ್ಟಿಗೆಯ ಚಾರ್ಜ್ ಮುಗಿಯಿತು. ಅಣ್ಣ ಬದಲಿ ತರೋಕೆ ಓಡಿದರು. ನಾವು ಇಪ್ಪತ್ತು ಜನ ಸಮುದ್ರಕ್ಕೆ ಮುಖ ಮಾಡಿ, ಕೈ ಮುಂದೆ ಚಾಚಿ ನಿಂತೇ ಇದ್ವಿ. ನನಗಂತೂ ಹೆಸರು ಉಳಿಸಿಕೊಳ್ಳೋ ಆಸೆ, ಉಸಿರು ಕೂಡ ಅಳೆದು ಬಿಡ್ತಿದ್ದೆ.

ವಾಕಿಂಗ್ ಬಂದ ಒಬ್ಬ ಅಜ್ಜ ನನ್ನ ಮುಂದೆ ನಿಂತರು. ಹಿಂದೆ ಅವರ ಹೆಂಡತಿ.

"ಪ್ರದರ್ಶನಕ್ಕೆ ಇಟ್ಟಿದಾರೆ ಕಣೇ. ಮೇಣದ್ದು," ಅಂದರು ಅಜ್ಜ.

"ಮುಟ್ಟಬೇಡಿ ಅಂದ್ರೆ."

ಅಜ್ಜ ನನ್ನ ಮೂಗು ಹಿಡಿದು ನೋಡಿದರು. "ಬೆಚ್ಚಗಿದೆ. ಜೀವ ಇರೋ ಹಾಗಿದೆ ಅಲ್ವೇನೇ?"

ಈ ತಮಿಳು ಊರಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ನನ್ನ ಬಾಯಿ ನನ್ನ ಮಾತು ಕೇಳಲ್ಲ. "ಇದೆ ಅಜ್ಜಾ," ಅಂದುಬಿಟ್ಟೆ.

ಅಜ್ಜ ಮರಳಿನ ಮೇಲೆ ಕೂತುಬಿಟ್ಟರು. ಅಣ್ಣ ಓಡಿ ಬಂದು ಮೊದಲು ಅವರಿಗೆ ನೀರು ಕೊಟ್ಟರು, ಆಮೇಲೆ ಸಾಲಾಗಿ ನಿಂತಿದ್ದ ಇಪ್ಪತ್ತು ಬಿಳಿ ಮುಖಗಳಲ್ಲಿ ನನ್ನನ್ನೇ ಸರಿಯಾಗಿ ಹುಡುಕಿ ಕೇಳಿದರು. ಏನಂತ ಮತ್ತೆ ಹೇಳಬೇಕಾಗಿಲ್ಲ.

ಚೀಟಿಗಳು

ಕೊನೇ ವಾರ ಗುಟ್ಟಿನ ಸ್ನೇಹಿತನ ವಾರ. ಬಟ್ಟಲಿಂದ ಒಂದು ಹೆಸರು ಎತ್ತಬೇಕು, ಅವರಿಗೋಸ್ಕರ ಪ್ರಾರ್ಥನೆ ಮಾಡಬೇಕು, ಗೊತ್ತಾಗದ ಹಾಗೆ ಉಡುಗೊರೆಯೋ ಚೀಟಿಯೋ ಇಡಬೇಕು. ಸೋಮವಾರ ನನ್ನ ಎಡಗಾಲಿನ ಶೂ ಒಳಗೆ ಚೀಟಿ: "ಈ ಕಾಲಿನ ಹೆಬ್ಬೆರಳ ಉಗುರು ಕತ್ತರಿಸಿಕೋ."

ಕನ್ನಡದಲ್ಲಿ. ಆ ಬಂಗಲೆಯಲ್ಲಿ ಕನ್ನಡ ಬರೋದು ನನಗೊಬ್ಬನಿಗೇ. ಅಕ್ಷರಗಳು ನೀರೊಳಗೆ ಕೂತು ಬರೆದ ಹಾಗೆ ನಡುಗುತ್ತಿದ್ದವು. ಸಾಕ್ಸ್ ಬಿಚ್ಚಿ ನೋಡಿದೆ. ಉಗುರು ಬೆಳೆದಿತ್ತು.

ನನ್ನ ರೂಮಿನ ತಿರುನೆಲ್ವೇಲಿ ಹುಡುಗ ಚೀಟಿಯನ್ನ ತಿರುಗಿಸಿ ತಿರುಗಿಸಿ ನೋಡಿ, "ಯಾರು ಡಾ ಇದು, ಜಿಲೇಬಿ ಸುತ್ತಿರೋದು?" ಅಂದ.

ಬುಧವಾರ ಬೈಬಲ್ ಒಳಗೆ: "ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕಿದ್ದು ಅಪ್ಪ ಅಲ್ಲ ಅಂತ ಗೊತ್ತು." ಇದನ್ನ ನಾನು ಭೂಮಿ ಮೇಲೆ ಒಬ್ಬರಿಗೂ ಹೇಳಿಲ್ಲ. ಅವತ್ತಿಂದ ಅನ್ನ ಇಳಿಯಲಿಲ್ಲ.

ಗುರುವಾರ ಸೋಪಿನ ಡಬ್ಬಿಯ ಕೆಳಗೆ. ಈ ಸಲ ಅಕ್ಷರ ನಡುಗಿರಲಿಲ್ಲ. ನೆಟ್ಟಗೆ, ಒಂದೇ ಮಾತು: "ಹೇಳಿಬಿಡು."

ಶುಕ್ರವಾರ ಹನ್ನೆರಡು ಹೆಸರು ಓದೋ ದಿನ. ಬೆಳಿಗ್ಗೆ ದಿಂಬಿನ ಕೆಳಗೆ ಒಂದು ಲಕೋಟೆ. ತೆರೆಯೋ ಧೈರ್ಯ ಬರಲಿಲ್ಲ, ಜೇಬಿಗೆ ಹಾಕಿಕೊಂಡೆ. ಅಣ್ಣ ಲಿಸ್ಟ್ ಹಿಡಿದು ನಿಂತರು. ನಾನು ನಾನಾಗೇ ಎದ್ದುಬಿಟ್ಟೆ. ಹಾಲಿನ ಗಡಿಯಾರವನ್ನ ದಿನಾ ಹತ್ತು ನಿಮಿಷ ಮುಂದೆ ತಳ್ಳಿ ಪ್ರಾರ್ಥನೆ ಬೇಗ ಮುಗಿಸಿದ್ದು, ಗಿಟಾರಿನೊಳಗೆ ಒಣ ಏಡಿ ಇಟ್ಟಿದ್ದು, ಕೊನೆಗೆ ಟ್ಯಾಂಕು, ಪೈಪು, ಎಲ್ಲಾ ಹೇಳಿಬಿಟ್ಟೆ.

ಅಣ್ಣ ಲಿಸ್ಟನ್ನ ಮಡಚಿದರು. ಆಮೇಲೆ, "ಜೇಬಲ್ಲಿರೋದನ್ನ ತೆಗೆದು ಓದು," ಅಂದರು.

ಓದಿದೆ. "ನಿನ್ನ ಹೆಸರು ಲಿಸ್ಟಿನಲ್ಲಿದೆ ಅಂತ ಅಣ್ಣ ಹೇಳಿದರು. ಎರಡು ಬನಿಯನ್ ಜಾಸ್ತಿ ಇಟ್ಟುಕೋ. ಅಮ್ಮ."

ನನ್ನ ಹೆಸರು ಎತ್ತಿದ್ದವರು ಅಣ್ಣನೇ. ಅಮ್ಮನಿಗೆ ಫೋನ್ ಮಾಡಿ, ಅವಳು ಬರೆದು ಫೋಟೋ ತೆಗೆದು ಕಳಿಸಿದ್ದರ ಮೇಲೆ ಕಾಗದ ಇಟ್ಟು, ಒಂದಕ್ಷರವೂ ಗೊತ್ತಿಲ್ಲದೆ ತಿದ್ದಿದ್ದರು.

"ಸುಮ್ಮನಿದ್ದಿದ್ದರೆ ನೀನೂ ನೆಮ್ಮದಿಯಾಗಿರ್ತಿದ್ದೆ, ನಾನೂ ಇರ್ತಿದ್ದೆ," ಅಂದರು ಅಣ್ಣ. "ಹೆಸರು ಹೊಡೆಯಲ್ಲ. ಹೇಳಿದೆಯಲ್ಲ, ಅದಕ್ಕೆ. ಆದರೆ ಹೊರಡೋ ಮೊದಲು ಆ ಮೂರು ಸಭೆಗೂ ಪೈಪ್ ಹಿಡ್ಕೊಂಡು ಬಂದು ನಿಜ ಹೇಳ್ತೀಯ."

ಸಮಾಧಾನದಲ್ಲಿ ನಾಲ್ಕೂ ಚೀಟಿಗಳನ್ನ ಅವರ ಮುಂದೆ ಸಾಲಾಗಿ ಇಟ್ಟೆ. ಅಣ್ಣ ಒಂದನ್ನ ಬೆರಳಲ್ಲಿ ಪಕ್ಕಕ್ಕೆ ಸರಿಸಿದರು. "ನಾನು ಇಟ್ಟಿದ್ದು ಮೂರೇ."

ಅಮ್ಮನಿಗೆ ಫೋನ್ ಹಾಕಿದ್ವಿ. "ಮೂರೇ ಕಣೋ," ಅಂದಳು.

ಸರಿಸಿಟ್ಟ ಚೀಟಿಯಲ್ಲಿ ಆ ನೆಟ್ಟಗಿನ ಅಕ್ಷರ: "ಹೇಳಿಬಿಡು." ಇಡೀ ಬಂಗಲೆಗೆ ಕನ್ನಡ ಬರೆಯೋಕೆ ಬರೋನು ಒಬ್ಬನೇ. ತಲೆಗಳು ಒಂದೊಂದಾಗಿ ತಿರುಗಿದವು. ಕೇಳಿದ್ದು ಮಾತ್ರ ಫೋನಿನೊಳಗಿಂದ ಅಮ್ಮ, ಯಾರು ಕಲಿಸಿದರೋ, ಅಚ್ಚ ತಮಿಳಿನಲ್ಲಿ:

"ನೀ ದಾನೇ ಡಾ?"