ಗಾಲೀಚದ ಬೆನ್ನು

ನನ್ನ ಬೆರಳುಗಳ ಮೇಲೆ ನನಗೆ ಆಗ ಬಹಳ ನಂಬಿಕೆ ಇತ್ತು. ಸಾಂಗಲಿಯ ಅರಿಶಿಣ ಪೇಟೆಯಲ್ಲಿ ನಾವು ಬಾಯಿಬಿಟ್ಟು ವ್ಯಾಪಾರ ಮಾಡುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೂಡಿಸಿ, ಬೆರಳು ಒತ್ತಿ ದರ ಮುಗಿಸುತ್ತೇವೆ. ಹೀಗೆ ಮುಟ್ಟಿ ಮುಟ್ಟಿಯೇ ತಲೆ ನರೆತ ನನಗೆ ಒಂದು ಗಾಲೀಚಾ ಆರಿಸುವುದು ಯಾವ ದೊಡ್ಡ ಮಾತು!

ಗಾಲೀಚಾ ಬೇಕಾದದ್ದು ಮಗಳು ಶಾಂತಾಳ ಸಲುವಾಗಿ. ಅವಳನ್ನು ನೋಡಲು ಬಂದವರೆಲ್ಲ ನಮ್ಮ ಸುಸಲಾ ತಿಂದು, ಚಹಾ ಕುಡಿದು, "ತಿಳಸ್ತೀವ್ರಿ" ಅಂತ ಹೋಗಿದ್ದರು. ಯಾರೂ ತಿಳಿಸಲಿಲ್ಲ. ಸುಸಲಾಕ್ಕೆ ಚುರುಮುರಿ ನೆನೆಹಾಕಿ ಹಾಕಿ ಹೆಂಡತಿ ಗಂಗವ್ವ ಬೇಸತ್ತಿದ್ದಳು; ನಗುಮುಖ ಹೊತ್ತು ಹೊತ್ತು ನಾನು ದಣಿದಿದ್ದೆ. ಶಾಂತಾ ಮಾತ್ರ ಪ್ರತಿಸಲವೂ ತಾಟು ಹಿಡಿದು, ತಲೆ ತಗ್ಗಿಸಿ ಬರುತ್ತಿದ್ದಳು. ಈ ಸಲ ಬರುವವರು ಮಿರಜ ಸಂಸ್ಥಾನದ ಕಚೇರಿಯ ಶಿರಸ್ತೇದಾರರು. ದರಬಾರದ ಗಾಲೀಚದ ಮೇಲೆ ಓಡಾಡಿದ ಪಾದಗಳನ್ನು ನಮ್ಮ ಹಳೆಯ ಜಮಖಾನದ ಮೇಲೆ ಇಡಿಸುವುದೇ?

"ಜಮಖಾನಿ ಏನ ಪಾಪಾ ಮಾಡೇತ್ರಿ? ಒಗದು ಹಾಸೋಣು," ಅಂದಳು ಗಂಗವ್ವ.

"ನಿನಗ ದೊಡ್ಡವರ ರೀತಿ ತಿಳಿಯೂದಿಲ್ಲ. ಸುಮ್ಕಿರು," ಅಂದೆ.

ಮಿರಜದ ಅಂಗಡಿಯವನು ಎರಡು ಗಾಲೀಚಾ ಬಿಚ್ಚಿದ. ಮೇಲಿನ ಹೂಬಳ್ಳಿ ಎರಡರದೂ ಒಂದೇ. ಹೂವು ನೋಡಿ ಮರುಳಾಗುವುದು ಮಂದಿಯ ಕೆಲಸ. ನಾನು ಪೇಟೆಯ ಮನುಷ್ಯ! ಮುಖ ಆಚೆ ತಿರುಗಿಸಿ, ಶಾಸ್ತ್ರೋಕ್ತವಾಗಿ ಗಾಲೀಚದ ಕೆಳಗೆ ಕೈ ತೂರಿಸಿದೆ. ಮೊದಲನೆಯದರ ಬೆನ್ನು ತುಂಬ ಗಂಟು, ಒರಟು. ಎರಡನೆಯದರ ಬೆನ್ನಿಗೆ ಬಟ್ಟೆ ಅಂಟಿಸಿದ್ದರು, ಬೆಣ್ಣೆಯಂಥ ನುಣುಪು.

"ಇದಕ್ಕ ಮೈತುಂಬ ಗುಳ್ಳಿ ಎದ್ದಾವಲ್ಲೋ! ಆ ನುಣ್ಣಂದು ಕಟ್ಟು," ಅಂದೆ.

"ನಿಮ್ಮ ಕೈ ಅಂದ್ರ ಕೈ ಬಿಡ್ರಿ ಸಾಹುಕಾರ್ರ!" ಎಂದು ಅವನು ಲಗುಬಗೆಯಿಂದ ಕಟ್ಟಿಕೊಟ್ಟ. ಆ ಲಗುಬಗೆ ನೋಡಿ ನನಗೆ ಅನುಮಾನ ಬರಬೇಕಿತ್ತು. ಹೆಮ್ಮೆ ಬಂತು.

ಮನೆಯಲ್ಲಿ ಶಹಾಬಾದ ಫರಸಿಕಲ್ಲಿನ ನೆಲ. ಶಿರಸ್ತೇದಾರರ ಗೌರವಾರ್ಥ ಅದಕ್ಕೆ ಎಣ್ಣೆ ಹಚ್ಚಿ ಉಜ್ಜಿಸಿದೆ. ಕನ್ನಡಿಯಾಯಿತು. ಅದರ ಮೇಲೆ ಗಾಲೀಚಾ, ಗೋಡೆಗೆ ಒರಗುವ ಲೋಡುದಿಂಬು.

ಶಿರಸ್ತೇದಾರರು ಸಕುಟುಂಬ ಆಗಮಿಸಿದರು. ಅವರ ಪತ್ನಿ ಗಂಗವ್ವನ ಪಕ್ಕ ಮಣೆಯ ಮೇಲೆ ಕೂತರು. ತಂದೆ-ಮಗ ಗಾಲೀಚದ ಮೇಲೆ ಆಸೀನರಾದರು. ಶಿರಸ್ತೇದಾರರು ಲೋಡಿಗೆ ಒರಗಿದರು. ಗಾಲೀಚಾ ಹೊರಟಿತು!

ಮೊದಲು ಗೇಣಷ್ಟು. ಅವರು ಗಂಟಲು ಸರಿಮಾಡಿಕೊಂಡು ಮತ್ತೆ ಒರಗಿದರು. ಮೊಳದಷ್ಟು. ನಾನು ನಮ್ಮ ಮನೆತನದ ಚರಿತ್ರೆ ಹೇಳುತ್ತಿದ್ದೆ. ಮುತ್ತಜ್ಜನ ಪ್ರಸ್ತಾಪ ಬರುವಷ್ಟರಲ್ಲಿ ತಂದೆ-ಮಗ ನಡುಮನೆಯ ಮಧ್ಯಕ್ಕೆ ತಲುಪಿದ್ದರು. ಲೋಡು ಗೋಡೆಯ ಹತ್ತಿರವೇ ಉಳಿದಿತ್ತು.

"ಸಾಹುಕಾರ್ರ, ನಿಮ್ಮ ಮನಿ ಇಳಿಜಾರ ಐತೇನ್ರಿ?"

"ಛೇ ಛೇ! ಹೊಸಾ ಗಾಲೀಚಾರೀ. ರೂಢಿ ಆಗಬೇಕು," ಅಂದೆ.

ಅಷ್ಟರಲ್ಲಿ ಶಾಂತಾ ಚಹಾದ ತಾಟು ಹಿಡಿದು ಬಂದಳು. ಹೇಗಾದರೂ ಮಾಡಿ ಅತಿಥಿಗಳನ್ನು ಮೂಲಸ್ಥಾನಕ್ಕೆ ಸೇರಿಸಬೇಕೆಂದು ನಾನು ಹಿಂದೆ ಹೋಗಿ, ಗಾಲೀಚದ ಅಂಚು ಹಿಡಿದು, ಕುಲದೇವರನ್ನು ನೆನೆದು ಜಗ್ಗಿದೆ. ಚರ್ರ್ ಅಂತು! ಬೆನ್ನಿನ ಬಟ್ಟೆ ಕಿತ್ತು ನನ್ನ ಕೈಗೆ ಬಂತು. ಬಟ್ಟೆಸಮೇತ ನಾನು ಅಂಗಾತ ಬಿದ್ದೆ. ಆ ಜಗ್ಗಾಟಕ್ಕೆ ಶಿರಸ್ತೇದಾರರೂ ಅಂಗಾತವಾದರು. ಅವರ ತಲೆಯ ರುಮಾಲು ಉರುಳಿ ಹೊಸ್ತಿಲವರೆಗೆ ಹೋಯಿತು.

ಶಾಂತಾ ಒಂದು ಹನಿ ಚಹಾ ಚೆಲ್ಲದೆ ತಾಟು ಕೆಳಗಿಟ್ಟಳು. ರುಮಾಲು ಎತ್ತಿ, ಝಾಡಿಸಿ, ಎದ್ದು ಕೂತಿದ್ದ ಶಿರಸ್ತೇದಾರರಿಗೆ ಕೊಟ್ಟಳು. ಆಮೇಲೆ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಅಪ್ಪಾ, ಪೆಟ್ಟಾತೇನು? ಅದನ್ನ ಬಿಡ್ರಿ ಇನ್ನ," ಎಂದು ಕೈಯಲ್ಲಿದ್ದ ಬಟ್ಟೆ ಬಿಡಿಸಿದಳು.

ಶಿರಸ್ತೇದಾರರು ಗಾಲೀಚಾ ಮಗುಚಿ ನೋಡಿ, ಕಚೇರಿಯ ದನಿಯಲ್ಲಿ ತೀರ್ಪು ಕೊಟ್ಟರು: "ಇದು ಅಂಟು ಬಳದು ಬಟ್ಟಿ ಹಚ್ಚಿದ ಮಾಲು. ಖರೇ ಗಾಲೀಚಾದ ಬೆನ್ನಾಗ ಗಂಟು ಕಾಣಬೇಕ್ರಿ ಸಾಹುಕಾರ್ರ. ಗಂಟಿನ್ಯಾಗ ಅದರ ಜೀವ ಇರತೈತಿ. ಒರಟ ಇದ್ರ ನೆಲಾ ಹಿಡಕೊಂಡು ಕುಂದರತೈತಿ."

ಒರಟನ್ನೂ ನುಣುಪನ್ನೂ ನನ್ನ ಬೆರಳುಗಳು ಸರಿಯಾಗಿಯೇ ಗುರುತಿಸಿದ್ದವು. ಆರಿಸಿದ್ದು ಮಾತ್ರ ತಿರುವುಮುರುವು!

ಮುಗಿಯಿತು, ಇನ್ನೊಂದು "ತಿಳಸ್ತೀವ್ರಿ" ಅಂದುಕೊಂಡೆ. ಗಂಗವ್ವನ ಕಣ್ಣು ತುಂಬಿತ್ತು. ಹುಡುಗ ಮಾತ್ರ ಶಾಂತಾಳ ಕಡೆ ನೋಡಿ ನಗು ತಡೆಯುತ್ತಿದ್ದ. ಅವಳೂ ಸೆರಗು ಬಾಯಿಗೆ ಹಿಡಿದಿದ್ದಳು. ಹುಡುಗನ ತಾಯಿ ಅವರಿಬ್ಬರನ್ನು ನೋಡಿದರು, ತಮ್ಮ ಗಂಡನನ್ನು ನೋಡಿದರು, ನನ್ನನ್ನು ನೋಡಿದರು, ದೊಡ್ಡ ನಿಟ್ಟುಸಿರು ಬಿಟ್ಟರು.

"ಹುಡುಗಿ ಪಸಂದ ಅದಾಳ," ಅಂದರು.

"ಅಲ್ಲ, ಇನ್ನೂ ಏನೂ ಕೇಳೇ ಇಲ್ಲಲ್ಲ?" ಶಿರಸ್ತೇದಾರರು ತಡವರಿಸಿದರು.

"ಏನ ಕೇಳೂದೈತ್ರಿ? ಇಂಥಾ ಅಪ್ಪನ ಕೈಯಾಗ ಬೆಳದೂ ಇಷ್ಟು ಸಮಾಧಾನ ಐತೆಂದ್ರ, ನಮ್ಮ ಮನ್ಯಾಗ ಈಕಿಗೆ ಯಾವ ತ್ರಾಸೂ ಅನಸೂದಿಲ್ಲ!"

ಸಂಬಂಧ ಕೂಡಿತು. ಸಂತೋಷಕ್ಕೆ ನನಗೆ ಅಳುವೇ ಬಂತು. ಮರುದಿನ ಪೇಟೆಯಲ್ಲಿ ಪೇಢೆ ಹಂಚಿದೆ. "ಭಾರೀ ಮನಿತನಾ ಹಿಡಿದ್ರಿ! ಏನ ನೋಡಿ ಒಪ್ಪಿದ್ರು?" ಅಂತ ಎಲ್ಲರದೂ ಒಂದೇ ಪ್ರಶ್ನೆ. ಕೇಳಿಸದವನಂತೆ ಒಬ್ಬೊಬ್ಬರಿಗೂ ಇನ್ನೊಂದು ಪೇಢೆ ಕೊಟ್ಟು ಮುಂದೆ ಸಾಗಿದೆ. ನನ್ನನ್ನು ನೋಡಿ ಅಂತ ಹೇಗೆ ಹೇಳಲಿ!