ನಾಲ್ಕನೆಯ ಹೆಸರು

ಬೆಳಿಗ್ಗೆ ಏಳಕ್ಕೆ ಭೀಮಶಿಯ ಮೊಬೈಲ್ ಟಣ್ ಎಂದಿತು. ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಸಂದೇಶ ಮಾಯ. ‘ಘಟಪ್ರಭೆ ಪಾಚಿ ತಂಡ’ ಎಂಬ ವಾಟ್ಸಾಪ್ ಗುಂಪಿನಲ್ಲಿ ನೇಮಿನಾಥ ಸರ್ ಏನೋ ಬರೆದು ಅಳಿಸಿಬಿಟ್ಟಿದ್ದರು. ಗುಂಪಿನಲ್ಲಿ ಇರುವುದೇ ನಾಲ್ಕು ಜನ. ಯಾರೋ ಒಬ್ಬರು ಓದಬಾರದೆಂದು ಅಳಿಸಿದ್ದಾರೆ ಅಂದಮೇಲೆ ಆ ಒಬ್ಬ ತಾನಲ್ಲದೆ ಮತ್ಯಾರು?

ಬೇರೆ ದಿನವಾಗಿದ್ದರೆ ಮರೆತುಬಿಡುತ್ತಿದ್ದನೇನೋ. ಆದರೆ ಅವತ್ತು ಸಂಜೆ ಐದಕ್ಕೆ ತಂಡದ ಸಂಶೋಧನಾ ಲೇಖನ ವಿಜ್ಞಾನ ಪತ್ರಿಕೆಗೆ ಹೋಗುವುದಿತ್ತು. ಗೋಕಾಕದ ಹೊರಗಿರುವ ಸ್ನಾತಕೋತ್ತರ ಕೇಂದ್ರದಲ್ಲಿ ಭೀಮಶಿ ಪಿಎಚ್.ಡಿ.ಗೆ ಸೇರಿ ಐದು ವರ್ಷ. ತಿಂಗಳ ಕೊನೆಗೆ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ತನ್ನ ಹೆಸರಿರುವ ಒಂದು ಲೇಖನವಾದರೂ ಹೋಗದಿದ್ದರೆ ಇಷ್ಟು ವರ್ಷದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತಂಡದಲ್ಲಿ ಕೆಲಸ ಹಂಚಿಕೆಯಾಗಿತ್ತು. ಊರೂರು ತಿರುಗಿ ನೀರು ತರುವವನು ಭೀಮಶಿ. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಆ ನೀರಿನ ಪಾಚಿ ಎಣಿಸುವವಳು ಸುಮನ್. ಎಣಿಕೆಯನ್ನು ಕಂಪ್ಯೂಟರಿಗೆ ತುಂಬುವವರು ಸಂಕೇಶ್ವರದ ನೇಮಿನಾಥ ಸರ್. ಎಲ್ಲರ ಮೇಲೆ ಗೈಡ್ ರಾಧಿಕಾ ಮೇಡಮ್. ವರದಿ ಯಾವುದೇ ಇರಲಿ, ಹೆಸರುಗಳು ಹಿರಿತನದ ಪ್ರಕಾರವೇ. ಮೇಡಮ್ ಮೊದಲು, ಭೀಮಶಿ ನಾಲ್ಕನೆಯವನು. ಪಂಕ್ತಿಯ ಕೊನೆಗೆ ಕೂತವನಿಗೆ ಪಾಯಸ ಸಿಕ್ಕೀತೋ ಇಲ್ಲವೋ ಎಂಬ ಹೆದರಿಕೆ ಅವನಿಗೆ ಯಾವಾಗಲೂ ಇತ್ತು.

ಪ್ರಯೋಗಾಲಯಕ್ಕೆ ಹೋದಾಗ ಮೂವರೂ ಲ್ಯಾಪ್‌ಟಾಪಿನ ಮೇಲೆ ಬಾಗಿ ಪಿಸುಗುಡುತ್ತಿದ್ದರು. ಇವನನ್ನು ಕಂಡದ್ದೇ ಮಾತು ನಿಂತಿತು. ನೇಮಿನಾಥ ಸರ್ ಅವರ ಹೆಗಲ ಸಂದಿಯಿಂದ ಹೆಸರಿನ ಸಾಲಿನ ತುದಿಯಷ್ಟೇ ಕಾಣಿಸಿತು. ತುದಿಯಲ್ಲಿ ಸುಮನ್ ಹೆಸರಿತ್ತು. ಮುಂದೆ ಏನೂ ಇರಲಿಲ್ಲ.

“ಏನ್ ನಡಸೀರಿ ಸರ್?”

“ಏನಿಲ್ಲೋ, ಸುಮ್ಮನ” ಎಂದು ಅವರು ಲ್ಯಾಪ್‌ಟಾಪ್ ಮುಚ್ಚಿದರು. ಸುಮನ್ ಆ ಕಡೆ ತಿರುಗಿ ನಕ್ಕಳು.

“ಭೀಮಶಿ, ಹಿಡಕಲ್‌ಗೆ ಹೋಗಿ ಡ್ಯಾಮಿನ ನೀರು ತಂದ್ಬಿಡು” ಎಂದರು ಮೇಡಮ್. “ಹನ್ನೊಂದು ತಿಂಗಳಿಂದು ಆಗೇತಿ. ಇದೊಂದು ಬಂದ್ರ ವರ್ಷ ತುಂಬತೈತಿ.”

ತನ್ನನ್ನು ಊರಾಚೆ ಕಳಿಸಿ ಕೆಲಸ ಮುಗಿಸುವ ಹಂಚಿಕೆ ಇದೆಂದು ಭೀಮಶಿಗೆ ಖಾತ್ರಿಯಾಯಿತು. ಬಾಟಲಿ ತೆಗೆದುಕೊಂಡು ಬಸ್ಸು ಹತ್ತಿದವನು ತಡೆಯಲಾಗದೆ ಕೊಣ್ಣೂರಿನಲ್ಲೇ ಇಳಿದುಬಿಟ್ಟ. ಅಲ್ಲಿ ಪರಿಚಯದ ಯಲ್ಲಾರಿಯ ಚಹಾದಂಗಡಿ ಇತ್ತು.

“ಯಾಕ್ರಿ ಸರ, ಮಾರಿ ಬಾಡೇತಿ?”

ಭೀಮಶಿ ಎಲ್ಲವನ್ನೂ ಹೇಳಿಕೊಂಡ. ಯಲ್ಲಾರಿ ಒಲೆ ಸಣ್ಣ ಮಾಡಿ ಎದುರಿಗೆ ಬಂದು ಕೂತ.

“ನಮ್ಮ ಕಾಕಾನ ಮಗಳ ಲಗ್ನಪತ್ರಿಕಾದಾಗ ನನ್ನ ಹೆಸರೂ ಹಿಂಗ ಹಾರಿಸಿದ್ರರಿ. ಕೇಳಿದ್ರ ಪ್ರೆಸ್ಸಿನವನ ತಪ್ಪು ಅಂದ್ರು. ಪ್ರೆಸ್ಸಿನವಗ ನನ್ನ ಮ್ಯಾಲ ಏನ್ ಸಿಟ್ಟರಿ? ಮೂರು ವರ್ಷಾತು, ಅವರ ಮನಿ ನೀರು ಸುದ್ದಾ ಕುಡದಿಲ್ಲ.”

“ಹಂಗಾರ ನಾ ಏನ್ ಮಾಡ್ಲಿ?”

“ಹೋಗಿ ಅವರ ಎದುರಿಗೆ ಕುಂದರ್ರಿ. ನೀವು ಹಿಡಕಲ್ ಮುಟ್ಟಿ ಬರೂದ್ರಾಗ ಅವರು ಕೆಲಸ ಮುಗಿಸಿ ಮನಿ ಸೇರಿರ್ತಾರ.”

“ನೀರು ಒಯ್ಯಬೇಕಲ್ಲೋ.”

ಯಲ್ಲಾರಿ ನಳದ ನೀರು ತುಂಬಿಟ್ಟಿದ್ದ ಡ್ರಮ್ಮಿನ ಮುಚ್ಚಳ ತೆಗೆದ. “ಇದು ಹೊಳಿ ನೀರು. ಹೊಳಿಗೆ ಎಲ್ಲಿಂದ ಬರ್ತೈತಿ? ಹಿಡಕಲ್ಲಿಂದ. ಹಿಡಕಲ್ಲ ನಡಕೋತ ನಿಮ್ಮ ಕಡೆ ಬಂದೈತಿ, ನೀವ್ಯಾಕ ಅದರ ಕಡೆ ಹೋಗ್ತೀರಿ?”

ಐದು ವರ್ಷದಲ್ಲಿ ಭೀಮಶಿ ಇಂಥ ಕೆಲಸ ಮಾಡಿದವನಲ್ಲ. ಆದರೂ ಡ್ರಮ್ಮಿನಲ್ಲಿ ಬಾಟಲಿ ಮುಳುಗಿಸಿದ. ಕಳ್ಳರಿಗೆ ಮಳ್ಳತನ ತೋರಿಸಿದರೆ ಅವರು ಮನೆಯನ್ನೇ ದೋಚುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಮೇಲೆ ‘ಹಿಡಕಲ್’ ಎಂಬ ಚೀಟಿ ಅಂಟಿಸಿದ.

ಹನ್ನೊಂದಕ್ಕೆಲ್ಲ ತಿರುಗಿ ಬಂದರೂ ಒಳಗೆ ಹೋಗಲಿಲ್ಲ. ಪ್ರಯೋಗಾಲಯದ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕಿವಿ ನಿಮಿರಿಸಿದ. “ಭೀಮಶಿಗೆ ಗೊತ್ತಾಗಬಾರ್ದು” ಎಂದು ಸುಮನ್ ಹೇಳಿದ್ದು ಕೇಳಿಸಿತು. ಮುಂದಿನದನ್ನು ಕೇಳುವಷ್ಟರಲ್ಲಿ ಕಾವಲುಗಾರ ರಾಜಪ್ಪ ಬಂದ.

“ಏನ್ ಕಳದೈತ್ರಿ?”

“ಪೆನ್ನು. ಸಾವಕಾಶ ಮಾತಾಡು.”

ರಾಜಪ್ಪ ಉಪಕಾರಿ ಮನುಷ್ಯ. ತಾನೂ ಮೊಣಕಾಲೂರಿ ಹುಲ್ಲು ತಡಕಾಡುತ್ತ, ಕೇಂದ್ರಕ್ಕೆಲ್ಲ ಕೇಳುವಂತೆ “ಯಾ ಬಣ್ಣದ್ದರಿ?” ಎಂದ. ಕಿಟಕಿ ತೆರೆಯಿತು. ಸುಮನ್ ಬಗ್ಗಿ ನೋಡಿದಳು.

“ಇಷ್ಟ ಲಗೂ ಬಂದಿ?”

“ಬೈಕ್ ಸಿಕ್ತು ಅಕ್ಕಾ” ಎಂದು ಹುಲ್ಲಿನಲ್ಲಿ ಕೂತೇ ಬಾಟಲಿ ಕೊಟ್ಟ.

ಆಮೇಲೆ ಅವನು ನೇಮಿನಾಥ ಸರ್ ಪಕ್ಕದಿಂದ ಅಲುಗಲಿಲ್ಲ. ಊಟ ಬಿಟ್ಟ, ಚಹಾ ಬಿಟ್ಟ. ಅವರು ಕೈತೊಳೆಯಲು ಹೋದರೂ ಹಿಂದೆಯೇ ಹೋದ. ನಾಲ್ಕು ಗಂಟೆಗೆ ಮೇಡಮ್ ಬಂದು ಕೂತಾಗ ಮಾತ್ರ ತಡೆಯಲಾಗಲಿಲ್ಲ.

“ಮೇಡಮ್, ನನ್ನ ಹೆಸರು ತಗದೀರಿ. ನನಗ ಗೊತ್ತಾಗೇತಿ.”

ನೇಮಿನಾಥ ಸರ್ ಕಣ್ಣರಳಿಸಿದರು. “ಎಲ್ಲಿ ನೋಡಿದಿ?”

“ಕಡೀಕರಿ. ನಾಲ್ಕನೇದು ಇಲ್ಲ.”

“ಕಡೀಕ ಯಾಕ ನೋಡ್ತಿ? ಮೊದಲ ನೋಡು” ಎಂದು ಲ್ಯಾಪ್‌ಟಾಪ್ ತಿರುಗಿಸಿದರು. ಸಾಲಿನ ಆರಂಭದಲ್ಲಿ, ಮೇಡಮ್ ಅವರಿಗಿಂತ ಮುಂಚೆ, ಭೀಮಶಿಯ ಹೆಸರಿತ್ತು.

“ಐದು ವರ್ಷ ಬಿಸಲಾಗ ನೀರು ಹೊತ್ತವ ನೀನು” ಎಂದರು ಮೇಡಮ್. “ನೀ ತರದಿದ್ರ ನಾವೇನ್ ಎಣಸ್ತಿದ್ವಿ? ಅದಕ್ಕ ಈ ಸಲ ಹಿರಿತನ ಬಿಟ್ವಿ. ಕಳಿಸೂಮುಂದ ಹೇಳೂಣ ಅಂತಿದ್ವಿ, ಈ ನೇಮಿನಾಥ ಮುಂಜಾನೆನ ತಪ್ಪಿ ಗ್ರೂಪಿಗೆ ಹಾಕಿ ಅಳಸಿದ.”

ಅವರು ಕರದಂಟಿನ ಡಬ್ಬಿ ತೆರೆದು ಒಂದು ತುಂಡು ಅವನ ಬಾಯಿಗೇ ಇಟ್ಟರು. ಭೀಮಶಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಇಂಥವರ ಮೇಲೆ ಸಂಶಯಪಟ್ಟೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಸುಮನ್ ಬಾಟಲಿ ಹಿಡಿದು ಬಂದಳು.

“ಮೇಡಮ್, ಈ ನೀರಾಗ ಒಂದೂ ಪಾಚಿ ಇಲ್ರಿ. ಹನ್ನೊಂದು ತಿಂಗಳು ಎಣಸಿ ಎಣಸಿ ಕಣ್ಣು ಹೋಗಿದ್ವು, ಇವತ್ತ ಸೊನ್ನಿ. ಮ್ಯಾಲ ಬ್ಲೀಚಿಂಗ್ ಪೌಡರಿನ ವಾಸನಿ.”

“ಬ್ಯಾರೆ ಎಲ್ಲಿಂದೋ ತಂದ ನೀರು ಇದ್ದಾಂಗ ಐತಿ” ಎಂದರು ನೇಮಿನಾಥ ಸರ್.

ಮೇಡಮ್ ಮುಖ ಕೆಂಪಾಯಿತು. “ಯಾರ ಮ್ಯಾಲರ ಸಂಶಯ ಪಡು, ಭೀಮಶಿ ಮ್ಯಾಲ ಬ್ಯಾಡ. ಸುಳ್ಳು ನೀರು ತರೂವಂಥವ ನನ್ನ ತಂಡದಾಗ ಒಂದಿನಾನೂ ಇರೂದಿಲ್ಲ. ಇಡೀ ಡ್ಯಾಮಿನ ಪಾಚಿ ಒಂದ ತಿಂಗಳದಾಗ ಸತ್ತೈತಿ ಅಂದ್ರ ಸಣ್ಣ ಮಾತಲ್ಲ. ಲೇಖನ ತಡೀರಿ. ಇನ್ನೊಂದು ವರ್ಷ ವಾರಾವಾರ ನೀರು ತಗೀಬೇಕು. ಭೀಮಶಿ, ನಿನ್ನ ಅವಧಿ ಒಂದು ವರ್ಷ ಮುಂದ ಹಾಕ್ರಿ ಅಂತ ನಾನ ಪತ್ರ ಬರೀತೀನಿ.”

ಭೀಮಶಿ ಬಾಯಿ ತೆರೆದ. ಕರದಂಟು ಹಲ್ಲಿಗೆ ಅಂಟಿತ್ತು.

“ನಾಳೆ ಮುಂಜಾನೆ ಆರಕ್ಕ ಜೀಪ್ ಹೇಳೀನಿ” ಎಂದರು ಮೇಡಮ್, ಅವನ ಬೆನ್ನು ತಟ್ಟಿ. “ನಾವೆಲ್ಲಾರೂ ಬರ್ತೀವಿ. ಇವತ್ತ ಬಾಟ್ಲಿ ಎಲ್ಲಿ ಮುಳುಗಿಸಿದಿ, ಖರೇ ಅದ ಜಾಗಾ ನಮಗೂ ತೋರ್ಸು.”