ಹಗುರ ಬಂದೂಕಿಗೊಂದು ದುರ್ಬೀನು

ಬೇಟೆಗಾರರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ನನಗೆ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ಯಾರಾದರೊಬ್ಬರು ಇನ್ನೊಬ್ಬರನ್ನು ಅನುಮಾನಿಸದೆ ಒಂದು ವಾರ ಕಳೆದದ್ದು ನನಗಂತೂ ನೆನಪಿಲ್ಲ. ಗಿರಾಕಿಗೆ ನನ್ನ ಮೇಲೆ ಅನುಮಾನ, ನನಗೆ ಗಿರಾಕಿಯ ಮೇಲೆ, ನಮ್ಮಿಬ್ಬರ ಮೇಲೂ ಮಾಲೀಕರಿಗೆ.

ಅಂಗಡಿ ಇರುವುದು ಡಚ್ಚರ ನಾಡಿನಲ್ಲಿ, ಯುಟ್ರೆಕ್ಟ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ ಆಚೆ, ಒಂದು ಸಣ್ಣ ಊರಿನಲ್ಲಿ. ಬೂಟು, ಕೋಟು, ಬೈನಾಕ್ಯುಲರ್, ಬಂದೂಕಿನ ಬೆನ್ನ ಮೇಲೆ ಕೂರಿಸುವ ಸ್ಕೋಪು, ಎಲ್ಲ ಸಿಗುತ್ತದೆ. ಬಂದೂಕುಗಳು ಹಿಂದಿನ ಕೋಣೆಯ ಉಕ್ಕಿನ ಕಪಾಟಿನಲ್ಲಿರುತ್ತವೆ, ಅವು ಮಾಲೀಕರ ಇಲಾಖೆ. ಗಾಜಿನದೆಲ್ಲ ನನ್ನ ಇಲಾಖೆ. ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡಿ, ಗಂಡನ ಐಟಿ ಕೆಲಸದ ಹಿಂದೆ ಇಲ್ಲಿಗೆ ಬಂದು, ಎರಡು ವರ್ಷ ಮನೆಯಲ್ಲಿ ಕೂತು ಬೇಸತ್ತವಳಿಗೆ ಸಿಕ್ಕಿದ ಮೊದಲ ಕೆಲಸ ಇದು. ಅದು ಸಿಕ್ಕಿದ್ದೇ ಒಂದು ಕಥೆ.

ಗೂಢಚಾರಿಣಿ

ಮಾಲೀಕರಿಗೆ ಅರವತ್ತು ದಾಟಿದೆ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಸಂದರ್ಶನದ ದಿನ ನನ್ನ ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕದ ಮೇಲಿಂದ ನೋಡಿದರು.

"ಬೇಟೆ ಆಡಿದ್ದೀರಾ?"

"ಇಲ್ಲ."

"ಬಂದೂಕು ಮುಟ್ಟಿದ್ದೀರಾ?"

"ಇಲ್ಲ."

"ಮಾಂಸ?"

"ತಿನ್ನುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ."

ಅವರು ಎದ್ದು ಹೋಗಿ ಅಂಗಡಿಯ ಬಾಗಿಲು ಹಾಕಿಕೊಂಡು ಬಂದರು. ಸ್ವರ ತಗ್ಗಿಸಿ, "ನಿಜ ಹೇಳಿ. ನೀವು ಯಾವ ಪ್ರಾಣಿದಯಾ ಸಂಘದವರು?" ಅಂದರು.

ನನಗೆ ನಗು ಬಂತು, ಅಳುವೂ ಬಂತು. ಇವರ ಪ್ರಕಾರ ಸಸ್ಯಾಹಾರಿ ಹೆಂಗಸೊಬ್ಬಳು ಬೇಟೆಗಾರರ ಅಂಗಡಿಗೆ ಕೆಲಸ ಕೇಳಿಕೊಂಡು ಬಂದರೆ ಅವಳು ಗೂಢಚಾರಿಣಿಯೇ ಆಗಿರಬೇಕು. ಎರಡು ವರ್ಷದಲ್ಲಿ ನಲವತ್ತು ಕಡೆ ಅರ್ಜಿ ಹಾಕಿದವಳು ನಾನು. "ಸ್ವಾಮೀ, ನಾನು ಗಾಜಿನವಳು. ಗಾಜಿನ ಆಚೆ ಏನಿದ್ದರೂ ನನಗೆ ಸಂಬಂಧವಿಲ್ಲ. ಬೇಕಾದರೆ ಪರೀಕ್ಷೆ ಮಾಡಿ" ಅಂದೆ.

ಅವರು ಮೂರು ಸ್ಕೋಪುಗಳ ಹೆಸರಿನ ಮೇಲೆ ಅಂಟುಪಟ್ಟಿ ಸುತ್ತಿ ತಂದರು. ನಾನು ಒಂದೊಂದನ್ನೂ ಕಿಟಕಿಗೆ ಹಿಡಿದು ಎದುರಿನ ಚರ್ಚಿನ ಗಡಿಯಾರ ನೋಡಿದೆ. "ಮೊದಲನೆಯದು ಚೆನ್ನಾಗಿದೆ. ಎರಡನೆಯದು ಅಂಚಿನಲ್ಲಿ ಮಬ್ಬು. ಮೂರನೆಯದನ್ನು ಮಾತ್ರ ಯಾರಿಗೂ ಕೊಡಬೇಡಿ. ಒಳಗೆ ಒಂದು ಮಸೂರ ಓರೆಯಾಗಿದೆ, ಮುಳ್ಳುಗಳಿಗೆ ನೇರಳೆ ಅಂಚು ಕಾಣುತ್ತದೆ."

ಮಾಲೀಕರು ಮೂರನೆಯದನ್ನು ಕಿತ್ತುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ಇದು ನನ್ನ ಸ್ವಂತ ಬಂದೂಕಿನದು" ಅಂದರು. "ಇದೇ ಕಾರಣಕ್ಕೆ ಎರಡು ಸಲ ಕನ್ನಡಕ ಬದಲಾಯಿಸಿದ್ದೇನೆ. ಸೋಮವಾರದಿಂದ ಬನ್ನಿ."

ದೊಡ್ಡದೇ ಬೇಕು

ಒಬ್ಬ ಗಿರಾಕಿ ಹೊಸದಾಗಿ ಹಗುರವಾದ ಬಂದೂಕು ಕೊಂಡಿದ್ದರು. ವಯಸ್ಸಾಯಿತು, ಇನ್ನು ಭಾರ ಹೊತ್ತು ಕಾಡು ಸುತ್ತಲಾರೆ ಎಂದು ಹುಡುಕಿ ಹುಡುಕಿ ಕೊಂಡದ್ದಂತೆ. ಅದಕ್ಕೆ ಸ್ಕೋಪು ಬೇಕಿತ್ತು. ಕಪಾಟಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು, ಬಾಯಿ ಲೋಟದಷ್ಟು ಅಗಲ ಇರುವುದನ್ನು ತೋರಿಸಿ "ಅದು" ಅಂದರು.

"ಬೇಡ" ಅಂದೆ ನಾನು. "ಬಂದೂಕಿನಲ್ಲಿ ಉಳಿಸಿದ ಭಾರವನ್ನೆಲ್ಲ ಮತ್ತೆ ಅದರ ತಲೆ ಮೇಲೆ ಹೊರಿಸಿದ ಹಾಗಾಗುತ್ತದೆ. ಇನ್ನೊಂದು ವಿಷಯ, ಹಗುರ ಬಂದೂಕು ಹಿಂದಕ್ಕೆ ಜೋರಾಗಿ ಒದೆಯುತ್ತದೆ. ಈ ದೊಡ್ಡದಕ್ಕೆ ಕಣ್ಣನ್ನು ತೀರ ಹತ್ತಿರ ಇಡಬೇಕು. ಈ ಸಣ್ಣದಾದರೆ ನಾಲ್ಕು ಬೆರಳು ದೂರದಿಂದಲೇ ಪೂರ್ತಿ ಕಾಣುತ್ತದೆ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸಣ್ಣದು ಖರ್ಚಾಗದೆ ಉಳಿದಿದೆಯೇ?"

"ಇಲ್ಲ."

ನಂಬಲಿಲ್ಲ. ಹಿಂದಿನ ಕೋಣೆಗೆ ಹೋಗಿ ಮಾಲೀಕರನ್ನು ಕೇಳಿದರು. ಮಾಲೀಕರೂ ಸಣ್ಣದೇ ಸರಿ ಅಂದರು. ಗಿರಾಕಿಯ ಅನುಮಾನ ಇನ್ನೂ ಗಟ್ಟಿಯಾಯಿತು. "ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೀರಿ" ಎಂದು ಕೋಟು ಹಾಕಿಕೊಂಡು ಹೊರಟೇಹೋದರು. ದೊಡ್ಡದನ್ನು ಬೇರೆಲ್ಲೋ ಕೊಂಡರು ಎಂದು ಸುದ್ದಿ ಬಂತು.

ಹತ್ತು ದಿನಕ್ಕೆ ಬಂದರು. ಬಲಗಡೆ ಹುಬ್ಬಿನ ಮೇಲೆ ಪ್ಲಾಸ್ಟರು. ಪ್ಲಾಸ್ಟರಿನ ಕೆಳಗಿಂದ ಕೆಂಪು ಗೆರೆಯೊಂದು ಚೌತಿ ಚಂದ್ರನ ಹಾಗೆ ಬಾಗಿ ಇಣುಕುತ್ತಿತ್ತು.

"ಏನಾಯಿತು?" ಅಂದೆ.

"ಬಾಗಿಲು ತಾಗಿತು" ಅಂದರು, ಬೇರೆ ಕಡೆ ನೋಡುತ್ತಾ.

ಹಿಂದಿನ ಕೋಣೆಯಿಂದ ಇಣುಕಿದ ಮಾಲೀಕರ ದನಿ ಬಂತು: "ನಿಮ್ಮ ಮನೆಯಲ್ಲಿ ದುಂಡು ಬಾಗಿಲು ಇಟ್ಟಿದ್ದೀರೇನು?"

ಹೇಳಬಾರದ ಜಾಗ

ಇಲ್ಲಿಯ ಬೇಟೆಗಾರರು ತಾವು ಹೋಗುವ ಜಾಗದ ಗುಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಒಬ್ಬರ ಜೊತೆ ನನ್ನ ಮಾತುಕತೆ ಹೀಗೆ ನಡೆಯಿತು.

"ಎಷ್ಟು ದೂರಕ್ಕೆ ಗುರಿ ಇಡುತ್ತೀರಿ?"

"ಯಾಕೆ ಕೇಳುತ್ತೀರಿ?"

"ಅದರ ಮೇಲೆ ಸ್ಕೋಪು ಆರಿಸಬೇಕು. ದಟ್ಟ ಕಾಡೋ, ಬಯಲೋ?"

"ಎರಡೂ ಇರಬಹುದು."

"ಯಾವ ಪ್ರಾಣಿ?"

"ನಾನು ಪ್ರಾಣಿ ಅಂತ ಹೇಳಿದೆನೇ?"

ಡಾಕ್ಟರ ಹತ್ತಿರ ಹೋಗಿ ಎಲ್ಲಿ ನೋವು ಅಂತ ಹೇಳದವರ ಹಾಗೆ ಅರ್ಧ ಗಂಟೆ ಆಟ ಆಡಿಸಿದರು. ಕೊನೆಗೆ ಅಂದಾಜಿನ ಮೇಲೆ ಒಂದನ್ನು ಕೊಟ್ಟೆ. ಗ್ಯಾರಂಟಿ ಕಾರ್ಡಿನಲ್ಲಿ ಊರಿನ ಹೆಸರು ಬರೆಯಲೂ ಒಪ್ಪಲಿಲ್ಲ. ಪೊಟ್ಟಣ ಕೋಟಿನೊಳಗೆ ಸೇರಿಸಿಕೊಂಡು ಹೊರಡುವಾಗ, ಪಕ್ಕದ ಬೇಕರಿಯ ಅಜ್ಜಿ ಒಳಗೆ ಬಂದವರು ಇವರ ಬೆನ್ನು ತಟ್ಟಿದರು.

"ಏನಪ್ಪಾ, ಈ ಶನಿವಾರವೂ ಹಳೇ ಗಾಳಿಗಿರಣಿ ಹಿಂದಿನ ಜೌಗಿಗೇ ಹೋಗುವುದಾ?"

ಅವರ ಮುಖ ಬೀಟ್‌ರೂಟಿನಂತಾಯಿತು. "ನಿಮಗೆ ಯಾರು ಹೇಳಿದರು?"

"ಊರಿಗೆಲ್ಲ ಗೊತ್ತಲ್ಲ" ಅಂದರು ಅಜ್ಜಿ. "ಜಿಂಕೆಗಳಿಗೂ ಗೊತ್ತು. ಅದಕ್ಕೇ ಶನಿವಾರ ಅವು ಈ ಕಡೆ ನಮ್ಮ ತೋಟಕ್ಕೆ ಬಂದಿರುತ್ತವೆ."

ಎದುರು ಮನೆಯವರು

ಹೊಸ ಮಾದರಿ ಬಂದಾಗ ಮಾಲೀಕರು ಒಂದನ್ನು ನನಗೆ ಮನೆಗೆ ಕೊಟ್ಟು ಕಳಿಸುತ್ತಾರೆ, ನೋಡಿ ಅಭ್ಯಾಸ ಮಾಡಲಿ ಎಂದು. ಬರೀ ಸ್ಕೋಪು, ಬಂದೂಕಿಲ್ಲ. ಒಂದು ಶನಿವಾರ ಮಧ್ಯಾಹ್ನ ಯುಟ್ರೆಕ್ಟ್‌ನ ನಮ್ಮ ಮನೆಯ ಕಿಟಕಿಯಲ್ಲಿ ಕೂತು, ಕಾಲುವೆಯ ಆಚೆ ಗೋಪುರದ ತುದಿಯಲ್ಲಿ ಗಾಳಿಗೆ ತಿರುಗುವ ತಗಡಿನ ಹುಂಜವನ್ನು ನೋಡುತ್ತಿದ್ದೆ. ಅರ್ಧ ಗಂಟೆಗೆ ಬಾಗಿಲ ಗಂಟೆ ಸದ್ದಾಯಿತು. ನಮ್ಮ ಬಡಾವಣೆಯ ಪೊಲೀಸು.

ಪೊಲೀಸು ಎಂದು ಕೇಳಿದ್ದೇ ತಡ, ನನ್ನ ಗಂಡ ಒಳಗೆ ಓಡಿ ಪರ್ಮಿಟ್ ಕಾರ್ಡು, ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು, ತಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಎದೆಗೆ ಅವಚಿಕೊಂಡು ಬಂದರು. ಇಲ್ಲಿಂದ ಓಡಿಸಿಬಿಟ್ಟರೆ ಎಂಬ ಭಯ.

"ಎದುರಿನ ದಡದ ಅಜ್ಜಿಯೊಬ್ಬರು ದೂರು ಕೊಟ್ಟಿದ್ದಾರೆ" ಅಂದ ಪೊಲೀಸಪ್ಪ, ಬಹಳ ಮರ್ಯಾದೆಯಿಂದ. "ನೀವು ಯಾವುದೋ ಕೊಳವೆಯಲ್ಲಿ ಅವರ ಮನೆ ನೋಡುತ್ತಿದ್ದೀರಂತೆ."

ನಾನು ಅಂಗಡಿಯ ಚೀಟಿ ತೋರಿಸಿದೆ, ಸ್ಕೋಪು ಕೈಗೆ ಕೊಟ್ಟೆ, ಹುಂಜ ತೋರಿಸಿದೆ. ಅವನು ಕಿಟಕಿಗೆ ಹೋಗಿ ಹುಂಜ ನೋಡಿದ. ಆಮೇಲೆ ಸ್ಕೋಪನ್ನು ಸ್ವಲ್ಪ ಕೆಳಗಿಳಿಸಿದ. ಅಲ್ಲೇ ನಿಂತುಬಿಟ್ಟ.

"ಮೇಡಂ, ಒಂದು ನಿಮಿಷ ಬನ್ನಿ."

ನೋಡಿದೆ. ಎದುರು ಮನೆಯ ಮೊದಲ ಮಹಡಿಯಲ್ಲಿ, ಹೂಕುಂಡಗಳ ನಡುವೆ, ಅಜ್ಜಿ ಬೈನಾಕ್ಯುಲರ್ ಹಿಡಿದು ನೇರ ನಮ್ಮ ಮೂವರನ್ನೇ ನೋಡುತ್ತಿದ್ದರು.

"ಅವರದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?" ಪೊಲೀಸಪ್ಪ ಕೇಳಿದ.

"ಹತ್ತು. ಆ ಮಾದರಿ ನಮ್ಮಲ್ಲೂ ಇದೆ."

"ನಿಮ್ಮದು?"

"ಆರು."

ಅವನು ಟೋಪಿ ಸರಿಮಾಡಿಕೊಂಡ. "ಹಾಗಾದರೆ ದೂರು ಕೊಡಬೇಕಾದವರು ನೀವು" ಅಂದ.

ಅತ್ತೆಯವರ ತಪಾಸಣೆ

ಅತ್ತೆಯವರು ಧಾರವಾಡದ ಹತ್ತಿರದ ಹಳ್ಳಿಯಿಂದ ಮೂರು ತಿಂಗಳಿಗೆ ಬಂದರು. ನಿತ್ಯ ಲಿಂಗಪೂಜೆ ಮಾಡುವವರು, ಇರುವೆ ಸಾಲು ಕಂಡರೆ ದಾಟಿ ಕಾಲಿಡುವವರು. ಅವರಿಗೆ ಬೇಟೆಯ ಅಂಗಡಿ ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಕನ್ನಡಕದ ಅಂಗಡಿ ಎಂದಿದ್ದೆವು.

ಎರಡನೇ ವಾರಕ್ಕೇ ವಿಚಾರಣೆ ಶುರುವಾಯಿತು.

"ಏನವಾ, ನನ್ನ ಕನ್ನಡಕದ ಕಡ್ಡಿ ಮುರದು ಹತ್ತ ದಿನಾತು. ಕೊಡ್ರಿ ಅತ್ತಿ, ಅಂಗಡ್ಯಾಗ ಹಾಕಿಸ್ಕೊಂಡು ಬರ್ತೀನಿ ಅಂತ ನೀ ಒಂದ ಸಲಾನೂ ಅನ್ನಲಿಲ್ಲಲಾ?"

"ಬಿಡುವಾಗಿಲ್ರಿ ಅತ್ತಿ."

"ಮತ್ತ ಕನ್ನಡಕ ಮಾರೋರಿಗೆ ಮೊಣಕಾಲ ಮಟಾ ಬೂಟ ಯಾಕ ಬೇಕಾಗತಾವ?"

ನಾನು ಗಂಡನ ಮುಖ ನೋಡಿದೆ. ಅವರು ಫೋನಿನ ಮುಖ ನೋಡಿದರು. ಮರುದಿನ ಅತ್ತೆ ಸೀರೆಯ ಮೇಲೆ ಕೋಟು ಹಾಕಿಕೊಂಡು, ಮಗನನ್ನು ರಜೆ ಹಾಕಿಸಿ, ರೈಲು ಹತ್ತಿ ಅಂಗಡಿಗೇ ಬಂದುಬಿಟ್ಟರು.

ಬಾಗಿಲು ತೆರೆದರೆ ಎದುರಿಗೇ ಗೋಡೆಯ ಮೇಲೆ ಕಾಡುಹಂದಿಯ ತಲೆ. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ಕೆಲಸ ಬಿಡು ಎಂದರೆ ಬಿಡಲೇಬೇಕಾದೀತು, ಬಿಡದಿದ್ದರೆ ಮನೆ ಒಡೆದೀತು.

ಆ ಹೊತ್ತಿಗೆ ಬೇರೊಬ್ಬ ಗಿರಾಕಿ ಮೇಜಿನ ಹತ್ತಿರ ನಿಂತಿದ್ದರು. ಹಗುರ ಬಂದೂಕಿಗೆ ಸ್ಕೋಪು ಆರಿಸಲು ಅದು ಅವರ ನಾಲ್ಕನೇ ಭೇಟಿ. ಒಂದು ಸಣ್ಣದು, ಒಂದು ದೊಡ್ಡದು, ಎರಡನ್ನೂ ನಂಬಲಾರರು. ಸ್ಕೋಪು ಕೂರಿಸಿ ನೋಡಲೆಂದೇ ಅಂಗಡಿಯಲ್ಲಿ ಒಂದು ಮರದ ನಕಲಿ ಬಂದೂಕಿದೆ. ಅದರ ಮೇಲೆ ದೊಡ್ಡದನ್ನು ಕೂರಿಸಿದ್ದೆ. ಮಾಲೀಕರು ಅತಿಥಿ ಸತ್ಕಾರ ಎಂದುಕೊಂಡು, ನಗುತ್ತಾ, ಅದನ್ನೇ ಎತ್ತಿ ಅತ್ತೆಯವರ ಕೈಗೆ ಕೊಟ್ಟರು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಹಿಡಿಯನ್ನು ಭುಜದ ಗುಂಡಿಯಲ್ಲಿ ಒತ್ತಿ ಕೂರಿಸಿದರು. ಕೆನ್ನೆ ಮರಕ್ಕೆ ಅಂಟಿತು, ಕಣ್ಣು ಸರಿಯಾಗಿ ನಾಲ್ಕು ಬೆರಳು ಹಿಂದೆ ನಿಂತಿತು, ತೋರುಬೆರಳು ನೆಟ್ಟಗೆ ಪಕ್ಕದಲ್ಲಿ ಮಲಗಿತು. ಮಾಲೀಕರ ನಗು ಮಾಯವಾಯಿತು. ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದರು.

"ಮುಂದ ಜಗ್ಗತೈತಿ" ಅಂದರು ಅತ್ತೆ. "ಹಗೂರ ಬಂದೂಕಿಗೆ ಇಷ್ಟು ದೊಡ್ಡ ದುರ್ಬೀನು ಯಾಕ? ಕೂಸಿನ ತಲಿಗೆ ಅಜ್ಜನ ಪಟಕಾ ಸುತ್ತಿದಂಗ ಆಗೇತಿ. ಸಣ್ಣದು ಹಾಕ್ರಿ."

ನಾನು ಅದನ್ನು ಡಚ್ಚಿಗೆ ತಿರುಗಿಸಿ ಹೇಳಿದೆ. ನಾಲ್ಕು ಸಲ ಬಂದು ನನ್ನ ಮಾತು ನಂಬದ ಮಹಾನುಭಾವರು ಮರುಮಾತಿಲ್ಲದೆ ಸಣ್ಣದನ್ನು ಕೊಂಡು, ಅತ್ತೆಗೆ ತಲೆಬಾಗಿ ಹೋದರು.

ಸಂಜೆ ಮೂವರೂ ರೈಲು ಹತ್ತಿದೆವು. ಕೂತದ್ದೇ ನನ್ನ ಗಂಡ ಕೇಳಿದರು.

"ಅವ್ವಾ, ಖರೇ ಹೇಳು. ನಿನಗ ಬಂದೂಕ ಹಿಡಿಯೋದು ಹೆಂಗ ಗೊತ್ತು?"

ಅತ್ತೆ ಆಚೆ ಈಚೆ ನೋಡಿದರು. ಬೋಗಿಯಲ್ಲಿ ಕನ್ನಡ ಬರುವವರು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡರು.

"ಶೇಂಗಾ ಹೊಲಕ್ಕ ಹಂದಿ ಬರ್ತಿದ್ದವು. ನಮ್ಮಪ್ಪ ಪರವಾನಗಿ ತಗೊಂಡು ಒಂದ ಬಂದೂಕ ಇಟ್ಟಿದ್ದ. ಅವಗ ದೂರದ್ದು ಕಾಣತಿರಲಿಲ್ಲ. ಗುರಿ ನಾ ಹಿಡೀತಿದ್ದೆ, ಬಂದೂಕಿನ ಕುದರಿ ಅವ ಎಳೀತಿದ್ದ."

"ಗುಂಡ ಹಂದಿಗೆ ಹತ್ತತಿತ್ತೇನ್ರಿ ಅತ್ತಿ?" ಅಂದೆ ನಾನು.

"ಅದನ್ನ ಕೇಳಬ್ಯಾಡ."

"ಅಪ್ಪಗ ಗೊತ್ತೈತೇನು ಇದು?" ಅಂದರು ನನ್ನ ಗಂಡ.

"ಶ್!" ಅತ್ತೆ ಬೆರಳು ಬಾಯಿಗಿಟ್ಟರು. "ನಿಮ್ಮಪ್ಪನ ಮನ್ಯಾಗ ಭಾಳ ಮಡಿ. ನನ್ನ ನೋಡಾಕ ಬಂದಾಗ ಬಂದೂಕ ಗೋಣಿಚೀಲದಾಗ ಸುತ್ತಿ ಅಟ್ಟದ ಮ್ಯಾಲ ಇಟ್ಟಿದ್ವಿ. ನಿಮ್ಮಪ್ಪ ಅಲ್ಲೇ ನೋಡಿ, ಅದೇನು ಅಂತ ಕೇಳಿದ್ರು. ನಮ್ಮಪ್ಪ ಪಂಪಿನ ಪೈಪು ಅಂದುಬಿಟ್ಟ."

"ಆಮ್ಯಾಲ?"

"ಆಮ್ಯಾಲೇನು? ಇವತ್ತಿಗೂ ಅದು ಪೈಪ. ಹೋದ ವರ್ಷ ನಮ್ಮ ಬೋರ್ ಕೆಟ್ಟಾಗ, ‘ನಿನ್ನ ತವರಮನ್ಯಾಗ ಪೈಪ ನಲವತ್ತ ವರ್ಷದಿಂದ ಸುಮ್ಮನ ಬಿದ್ದೇತಿ, ಒಂದ ಸಲ ಕೊಡಾಕ ನಿಮ್ಮಣ್ಣಗ ಏನು ಧಾಡಿ?’ ಅಂತ ನಿಮ್ಮಪ್ಪ ಎಂಟ ದಿನ ನನ್ನ ಜೋಡಿ ಮಾತ ಬಿಟ್ಟಿದ್ರು!"